ಕಡೂರಿನ ಮೇಸ್ತ್ರಿ ಮತ್ತು ಅಪ್ಪನ ಅಂಬಾಸಿಡರ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಶೆಡ್ಡಿನಲ್ಲಿ ಅಪ್ಪನ ಅಂಬಾಸಿಡರ್ ಕಾರಿನ ಕೆಳಗೆ ಒಂದು ಹಳೇ ಹರಿವಾಣ ಇರುತ್ತಿತ್ತು. ಎಂಜಿನ್‌ನಿಂದ ತೊಟ್ಟಿಕ್ಕುವ ಎಣ್ಣೆ ನೆಲಕ್ಕೆ ಬೀಳದಿರಲಿ ಅಂತ ಅಮ್ಮ ಇಟ್ಟಿದ್ದು. ಮೊದಲೆಲ್ಲ ಅದರಲ್ಲಿ ಅಡಿಕೆಯಷ್ಟಗಲದ ಒಂದು ಕಲೆ ಕಾಣುತ್ತಿತ್ತು, ಅಷ್ಟೆ. ಈ ಸಲ ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ನೋಡಿದರೆ ಹರಿವಾಣದ ತಳವೇ ಕಾಣದಷ್ಟು ಕಪ್ಪು ಎಣ್ಣೆ.

"ಎರಡು ವರ್ಷದಿಂದ ಕಾರು ನಿಂತಲ್ಲೇ ನಿಂತಿದೆ. ಎಣ್ಣೆ ಸೋರತ್ತೆ ಅಂತ ನಿಮ್ಮಪ್ಪ ಹೊರಗೇ ತೆಗೆಯಲ್ಲ," ಅಂದಳು ಅಮ್ಮ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಅದು 1982ರ ಮಾರ್ಕ್ 4. ಅಪ್ಪ 1993ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮರುವರ್ಷ ಶಿವಮೊಗ್ಗದ ಆಸ್ಪತ್ರೆಯಿಂದ ನಾನು ಮನೆಗೆ ಬಂದಿದ್ದು ಅದರಲ್ಲೇ. ನಮ್ಮ ಸುತ್ತಿನ ನಾಲ್ಕಾರು ಮನೆಗಳಿಗೆ ಆಗ ಅದೇ ಆಂಬುಲೆನ್ಸ್. ಮಧ್ಯರಾತ್ರಿ ಯಾರಾದರೂ ಬಾಗಿಲು ಬಡಿದರೆ ಅಪ್ಪ ಏನಾಯ್ತು ಅಂತ ಕೇಳುವ ಮೊದಲೇ ಕೀಲಿಕೈ ಹುಡುಕುತ್ತಿದ್ದರು. ನಾನು ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ, ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಎಳೆದಾಡುತ್ತಾ.

ಹಬ್ಬ ಮುಗಿದ ಮೇಲೆ ಒಂದು ಗ್ಯಾರೇಜಿಗೆ ತೋರಿಸಿದೆವು. ಹುಡುಗನೊಬ್ಬ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಬೆಲ್ ಹೌಸಿಂಗ್ ತಳದಿಂದ ಎಣ್ಣೆ ಬೀಳುತ್ತಿತ್ತು. "ಹಿಂದಿನ ಸೀಲ್ ಹೋಗಿದೆ. ಎಂಜಿನ್ ಇಳಿಸಬೇಕು. ಇಳಿಸಿದ ಮೇಲೆ ಬೋರು, ಬೇರಿಂಗು ಎಲ್ಲ ಮಾಡಿಸಿಬಿಡಿ. ಎಂಬತ್ತು ಸಾವಿರ ಆಗಬಹುದು," ಅಂದರು.

ಆ ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ತೀರ್ಮಾನವಾಯಿತು. ಆರ್‌ಸಿ ನವೀಕರಣ ಬೇರೆ ಹತ್ತಿರ ಬಂದಿತ್ತು. ಪುಣೆಯಲ್ಲಿರುವ ಅಣ್ಣ, "ಗುಜರಿಗೆ ಕೊಟ್ಟುಬಿಡೋಣ. ಅಪ್ಪ ಹೆಂಗೂ ಓಡಿಸಲ್ಲವಲ್ಲ," ಅಂತ ಬರೆದ. ಬೆಂಗಳೂರಿನಲ್ಲಿ ಒಬ್ಬರು ತೂಕದ ಲೆಕ್ಕದಲ್ಲಿ ತಗೊಳ್ಳಲು ಒಪ್ಪಿದರು. ಅಪ್ಪ ಒಂದು ಥಂಬ್ಸ್ ಅಪ್ ಹಾಕಿದರು.

ನಾನೇ ಓಡಿಸಿಕೊಂಡು ಹೋಗಿ ಕೊಡುವುದು ಅಂತಾಯಿತು. ಹೊರಡುವ ಹಿಂದಿನ ರಾತ್ರಿ ಅಪ್ಪ, "ನಾನೂ ಬರ್ತೀನಿ. ಕೊನೇ ಸಲ," ಅಂದರು.

ತುಂಗೆಯ ಜೊತೆ, ಭದ್ರೆಯ ಮೇಲೆ

ಸೆಪ್ಟೆಂಬರ್ ಕೊನೆಯ ಶನಿವಾರ. ಬೆಳಗ್ಗೆ ಆರಕ್ಕೆ ಹೊರಟಾಗ ಸಣ್ಣ ಮಳೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಕಡೆಗೆ ರಸ್ತೆ ತುಂಗೆಯ ಜೊತೆಗೇ ಸಾಗುತ್ತದೆ. ಒಮ್ಮೆ ಮರಗಳ ಹಿಂದೆ ಅಡಗಿ, ಒಮ್ಮೆ ಪಕ್ಕದಲ್ಲೇ ಬಂದು ನಿಲ್ಲುವ ಹೊಳೆ. ದಾರಿಯ ನಡುವೆ ಮಂಡಗದ್ದೆ. ಹೊಳೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಮಳೆಗಾಲದಲ್ಲಿ ಬಂದು ಮರಿ ಮಾಡಿಕೊಂಡು ಹೋಗುವ ಹಕ್ಕಿಗಳಿವು.

ಚಿಕ್ಕವಳಿದ್ದಾಗ ಇಲ್ಲಿ ಕಾರು ನಿಲ್ಲಿಸದೆ ಅಪ್ಪ ಮುಂದೆ ಹೋಗಿದ್ದೇ ಇಲ್ಲ. ಈ ಸಲವೂ ನಿಲ್ಲಿಸಿದೆ. "ನೋಡಪ್ಪ, ಆ ಕೊಂಬೆ ಮೇಲೆ ಮೂರು ಮರಿ," ಅಂದೆ. ಅಪ್ಪ ಆ ಕಡೆ ನೋಡಿ, "ಹೂಂ," ಅಂದರು. ಬೇರೆ ಏನೂ ಹೇಳಲಿಲ್ಲ. ಮೊದಲಾದರೆ ಯಾವ ಹಕ್ಕಿ ಯಾವುದು ಅಂತ ಅವರೇ ನನಗೆ ಹೇಳುತ್ತಿದ್ದರು. ಕಾರು ಕೊಡುವ ಬೇಜಾರು ಇರಬೇಕು ಅಂದುಕೊಂಡೆ.

ಕಾರು ನಿಂತಾಗ ಒಂದು ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಓಡುವಾಗ ಇರಲಿಲ್ಲ.

ಸಕ್ರೆಬೈಲಿನ ಆನೆ ಬಿಡಾರ, ಗಾಜನೂರಿನ ಅಣೆಕಟ್ಟು ದಾಟಿ ಶಿವಮೊಗ್ಗ ಸೇರಿದೆವು. ತಿಂಡಿ ಮುಗಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಅರ್ಧದ ಗುರುತಿಗಿಂತ ಕೆಳಗೆ. ಮನೆಯಲ್ಲಿ ತುಂಬಿಸಿಯೇ ಹೊರಟಿದ್ದು! ಅರ್ಧ ಲೀಟರ್ ಹಾಕಿ ಮುಂದೆ ಹೊರಟೆವು.

ಭದ್ರಾವತಿಯಲ್ಲಿ ಭದ್ರೆಯ ಸೇತುವೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಊರು. ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆಯ ಕಡೆಗೆ ಅಪ್ಪ ಕೈ ತೋರಿಸಿದರು. ಬೆಳಗ್ಗೆಯಿಂದ ತುಂಗೆಯ ಪಕ್ಕ ಬಂದವರು ಈಗ ಭದ್ರೆಯ ಮೇಲೆ ಹೋಗುತ್ತಿದ್ದೆವು. ಎರಡೂ ಹುಟ್ಟುವುದು ಗಂಗಾಮೂಲದ ಒಂದೇ ಬೆಟ್ಟದಲ್ಲಿ, ಮತ್ತೆ ಸೇರುವುದು ಕೂಡಲಿಯಲ್ಲಿ. "ಹೊಳೇದು ಮೂಲ ಹುಡುಕಬಹುದು. ಈ ಕಾರಿಂದು ಹುಡುಕಕ್ಕಾಗಲಿಲ್ಲ ನೋಡು," ಅಂತ ಅಪ್ಪ ನಕ್ಕರು. ಅವತ್ತು ಅವರು ನಕ್ಕಿದ್ದು ಅದೇ ಮೊದಲು.

ತರೀಕೆರೆ ದಾಟುತ್ತಿದ್ದಂತೆ ಮಲೆನಾಡು ಹಿಂದೆ ಸರಿದು ತೆಂಗಿನ ತೋಟಗಳು ಶುರುವಾದವು. ಬೀರೂರಿನ ರೈಲ್ವೆ ಗೇಟಿನಲ್ಲಿ ಐದು ನಿಮಿಷ ನಿಂತೆವು. ಬಾನೆಟ್ಟಿನ ಸಂದಿಯಿಂದ ತೆಳ್ಳಗೆ ಹೊಗೆ ಏಳತೊಡಗಿತು. ಪಕ್ಕದ ಬೈಕಿನವನು, "ಅಕ್ಕ, ಗಾಡಿ ಹೊಗೀತಾ ಐತೆ," ಅಂದ. ನನ್ನ ಎದೆ ಧಸಕ್ ಅಂತು. ನಿಧಾನಕ್ಕೆ ಉರುಳಿಸಿಕೊಂಡು ಆರೇಳು ಕಿಲೋಮೀಟರ್ ದೂರದ ಕಡೂರು ಮುಟ್ಟಿದೆವು. ಊರಿನ ಹೊರಗೆ ಹುಣಸೆಮರದ ಕೆಳಗೆ ಒಂದು ತಗಡಿನ ಶೆಡ್. ಎರಡು ಟ್ರ್ಯಾಕ್ಟರ್, ಒಂದು ಹಳೇ ಜೀಪು ನಿಂತಿದ್ದವು. ಅಲ್ಲೇ ನಿಲ್ಲಿಸಿದೆ.

ಮೊದಲು ಒರೆಸು, ಆಮೇಲೆ ನೋಡು

ಮೇಸ್ತ್ರಿಗೆ ಅರವತ್ತು ದಾಟಿರಬಹುದು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಒಂದು ಕಾಲದಲ್ಲಿ ಕಡೂರು ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳಿಗೆಲ್ಲ ಅವರೇ ಮೆಕ್ಯಾನಿಕ್. ನಮ್ಮ ಕಾರು ನೋಡಿ ಮುಖ ಅರಳಿತು. ಬಾನೆಟ್ ಎತ್ತಿ ಅದಕ್ಕೇ ನಮಸ್ಕಾರ ಮಾಡಿದ ಹಾಗೆ ಬಗ್ಗಿದರು.

"ಹಿಂದಿನ ಸೀಲ್ ಹೋಗಿದೆಯಂತೆ," ಅಂದೆ ನಾನು.

"ಯಾರು ಹೇಳಿದ್ದು ತಾಯಿ?"

"ಗ್ಯಾರೇಜಲ್ಲಿ. ಅಲ್ಲಿಂದಲೇ ತೊಟ್ಟಿಕ್ಕುತ್ತೆ." ಫೋನಿನಲ್ಲಿದ್ದ ಫೋಟೋ ತೋರಿಸಿದೆ.

"ತೊಟ್ಟಿಕ್ಕೋದು ಅಲ್ಲಿಂದ, ಸರಿ. ಬರೋದು ಎಲ್ಲಿಂದ?" ಅಂದರು ಮೇಸ್ತ್ರಿ. "ಎಣ್ಣೆಗೆ ಗೊತ್ತಿರೋದು ಎರಡೇ ದಾರಿ. ನಿಂತಾಗ ಕೆಳಕ್ಕೆ, ಓಡುವಾಗ ಗಾಳಿಗೆ ಹಿಂದಕ್ಕೆ. ಇಡೀ ಎಂಜಿನ್‌ನಲ್ಲಿ ಎಲ್ಲಿ ಸೋರಿದ್ರೂ ಕೊನೆಗೆ ಬಂದು ಬೀಳೋದು ಆ ಮೂಲೆಗೇ."

ಅಪ್ಪ ಇದ್ದಕ್ಕಿದ್ದಂತೆ, "ಹಂಚಿನ ಮನೆ ಸೋರಿದ ಹಾಗೆ," ಅಂದರು. "ಹಂಚು ಒಡೆದಿರೋದು ಒಂದು ಕಡೆ. ನೀರು ಪಕಾಸಿ ಮೇಲೆ ಹರ್ಕೊಂಡು ಬಂದು ಬೀಳೋದು ಇನ್ನೊಂದು ಕಡೆ."

"ಹಾಂ! ಯಜಮಾನ್ರಿಗೆ ಗೊತ್ತದೆ," ಅಂತ ಮೇಸ್ತ್ರಿ ಖುಷಿಯಾದರು.

ಆಮೇಲೆ ಅವರು ಮಾಡಿದ್ದನ್ನು ನಾನು ಪೂರ್ತಿ ವಿಡಿಯೋ ಮಾಡಿಟ್ಟುಕೊಂಡಿದ್ದೇನೆ. ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲು ಕೆಳಗೆ ಬಿದ್ದ ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಲ್ಲಿ ಉಜ್ಜಿ ಮೂಸಿದರು. ಕಪ್ಪು ಕಂದು ಬಣ್ಣವಾದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಗಾಟು ಹೊಡೆದರೆ ಗೇರ್ ಆಯಿಲ್. ನೀರಿನ ಹಾಗೆ ತೆಳ್ಳಗಿದ್ದು ಪೇಂಟ್ ಎಬ್ಬಿಸಿದರೆ ಬ್ರೇಕ್ ಆಯಿಲ್. ನಮ್ಮದು ಎಂಜಿನ್‌ನದ್ದೇ.

ಎಂಜಿನ್ ತಣ್ಣಗಾಗಲು ಮುಕ್ಕಾಲು ಗಂಟೆ ಬಿಟ್ಟು, ಸೀಮೆಎಣ್ಣೆ ಮತ್ತು ಬ್ರಷ್ ಹಿಡಿದು ತೊಳೆಯಲು ಕೂತರು. ಮೂವತ್ತು ವರ್ಷದ ಮಸಿ, ಜಿಡ್ಡು, ಕೆಂಪು ಧೂಳು ಕರಗಿ ಇಳಿಯಿತು. ಬಟ್ಟೆಯಲ್ಲಿ ಒರೆಸಿ, ಗಾಳಿ ಹೊಡೆದು ಪೂರ್ತಿ ಒಣಗಿಸಿದರು. ಎಂಜಿನ್‌ನ ಅಸಲಿ ಬಣ್ಣವನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಪೌಡರ್ ಐತಾ ತಾಯಿ? ಮುಖಕ್ಕೆ ಹಾಕೋದು?"

ನನ್ನ ಹತ್ತಿರ ಇರಲಿಲ್ಲ. ಅಪ್ಪ ಮುಜುಗರದಿಂದ ತಮ್ಮ ಬ್ಯಾಗಿನಿಂದ ಒಂದು ಡಬ್ಬಿ ತೆಗೆದುಕೊಟ್ಟರು! ಮೇಸ್ತ್ರಿ ಎಂಜಿನ್‌ನ ಎರಡೂ ಪಕ್ಕಕ್ಕೆ, ಹಿಂಭಾಗಕ್ಕೆ ಪೌಡರ್ ಉದುರಿಸಿದರು. ಕಾರು ಮದುಮಗಳ ಹಾಗೆ ಬೆಳ್ಳಗಾಯಿತು. "ಹತ್ತು ನಿಮಿಷ ಓಡಿಸ್ಕೊಂಡು ಬನ್ನಿ. ಜಾಸ್ತಿ ಓಡಿಸಬೇಡಿ. ಜಾಸ್ತಿ ಓಡಿಸಿದ್ರೆ ಎಲ್ಲ ಕಡೆ ಹರಡಿಬಿಡ್ತದೆ," ಅಂದರು.

ವಾಪಸ್ ಬಂದಾಗ ಪೌಡರ್ ಮೇಲೆ ಕಪ್ಪು ಗೆರೆಗಳು ಮೂಡಿದ್ದವು. ಮೇಸ್ತ್ರಿ ಹಲ್ಲು ನೋಡುವ ಡಾಕ್ಟರ ಹತ್ತಿರ ಇರುವಂಥ ಸಣ್ಣ ಕನ್ನಡಿ ಹಿಡಿದು ನೋಡಿದರು. ನಾನು ಫೋನನ್ನು ಕೆಳಗೆ ಹಿಡಿದು ವಿಡಿಯೋ ಮಾಡಿ ತೋರಿಸಿದೆ. "ಇದು ಚೆನ್ನಾಗದೆ," ಅಂತ ಅದನ್ನೇ ಎರಡು ಸಲ ಹಾಕಿಸಿಕೊಂಡು ನೋಡಿದರು. ನೋಡಬೇಕಾದ್ದು ಒಂದೇ: ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಒದ್ದೆ ಎಲ್ಲಿದೆ? ಅದಕ್ಕಿಂತ ಕೆಳಗಿರುವುದು, ಹಿಂದಿರುವುದು ಎಲ್ಲ ಹರಿದು ಬಂದದ್ದು.

ಎಂಜಿನ್‌ನ ನೆತ್ತಿಯ ಟ್ಯಾಪೆಟ್ ಕವರ್ ಒಣಗಿಯೇ ಇತ್ತು. ಎಡಪಕ್ಕದಲ್ಲಿ, ಸೈಲೆನ್ಸರ್ ಪೈಪ್ ಶುರುವಾಗುವ ಮ್ಯಾನಿಫೋಲ್ಡಿನ ಅಡಿಯಲ್ಲಿ ಎರಡು ತಗಡಿನ ಮುಚ್ಚಳಗಳಿವೆ. ಮೇಸ್ತ್ರಿ ಅದಕ್ಕೆ ಸೈಡ್ ಕವರ್ ಅಂದರು. ಅದರಲ್ಲಿ ಹಿಂದಿನ ಮುಚ್ಚಳದ ಕೆಳಅಂಚಿನಿಂದ ಎಣ್ಣೆ ಇಳಿದು, ಬ್ಲಾಕಿನ ಮೇಲೆ ಹರಿದು ಬೆಲ್ ಹೌಸಿಂಗ್ ಸೇರುತ್ತಿತ್ತು. ಸ್ವಲ್ಪ ಬಿಸಿ ಸೈಲೆನ್ಸರ್ ಪೈಪಿನ ಮೇಲೂ ಬೀಳುತ್ತಿತ್ತು. ಬೆಳಗ್ಗೆಯಿಂದ ಬಂದ ಸುಟ್ಟ ವಾಸನೆ, ಬೀರೂರಿನ ಹೊಗೆ ಎಲ್ಲದಕ್ಕೂ ಅದೇ ಕಾರಣ.

"ಹಂಗಾದ್ರೆ ಸಿಕ್ತು!" ಅಂದೆ.

"ಬಾಯಿ ಸಿಕ್ತು. ಮೂಲ ಇನ್ನೂ ಸಿಕ್ಕಿಲ್ಲ," ಅಂದರು. "ಹಿಂದಿನಿಂದಲೂ ಸ್ವಲ್ಪ ಬರ್ತಾ ಅದೆ ನೋಡಿ. ಒಂದೇ ಸಲ ಎರಡು ಮೂರು ಕಡೆ ಸೋರೋಕೆ ಶುರುವಾದ್ರೆ, ಎಲ್ಲಾ ಪ್ಯಾಕಿಂಗೂ ಒಂದೇ ದಿನ ಹಾಳಾಯ್ತು ಅಂತಲ್ಲ. ಒಳಗಿನಿಂದ ಏನೋ ತಳ್ತಾ ಅದೆ ಅಂತ."

ಶೆಡ್ಡಿನಲ್ಲಿ ಗೂಡು ಕಟ್ಟಿದವರು

ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಇಟ್ಟರು. ನನಗೂ ಇಡಲು ಹೇಳಿದರು. ಬಿಸಿ ಗಾಳಿ ಬುಸ್ ಬುಸ್ ಅಂತ ಕೈಯನ್ನು ನೂಕುತ್ತಿತ್ತು.

ಮೇಸ್ತ್ರಿ ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಎಷ್ಟೇ ಒಳ್ಳೆಯ ಎಂಜಿನ್ ಆದರೂ ಉರಿದ ಗಾಳಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಎಣ್ಣೆಯ ಚೇಂಬರಿಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ಉಸಿರಾಟದ ದಾರಿ ಬೇಕು. ಈ ಎಂಜಿನ್‌ನಲ್ಲಿ ಅಂಥವು ಎರಡು. ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಪೈಪು ಒಂದು. ಮುಂದಿನ ಸೈಡ್ ಕವರಿನಿಂದ ಕೆಳಕ್ಕೆ ಇಳಿದು ನೆಲದ ಕಡೆ ಬಾಯಿ ತೆರೆದಿರುವ ಕಬ್ಬಿಣದ ಪೈಪು ಇನ್ನೊಂದು. ಇವೆರಡೂ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಎಲ್ಲಿ ಪ್ಯಾಕಿಂಗ್ ಸೊರಗಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತದೆ.

ಇನ್ನೊಂದು ಸಂಗತಿ ಕೇಳಿ ನನಗೆ ಆಶ್ಚರ್ಯವಾಯಿತು. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ ಕಂಪನಿಯ ವಿನ್ಯಾಸ. ಅದರ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಇವತ್ತಿನ ಕಾರುಗಳ ಹಾಗೆ ರಬ್ಬರ್ ಸೀಲ್ ಇಲ್ಲವೇ ಇಲ್ಲ! ಶಾಫ್ಟಿನ ಮೇಲೆ ಬೋಲ್ಟಿನ ಮರೆಯ ಹಾಗೆ ಕೊರೆದ ಸುರುಳಿ ಗೆರೆ ಇದೆ. ಶಾಫ್ಟ್ ತಿರುಗುವಾಗ ಆ ಸುರುಳಿ ಎಣ್ಣೆಯನ್ನು ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡ ಜಾಸ್ತಿಯಾದರೆ ಸುರುಳಿ ಸೋಲುತ್ತದೆ, ಎಣ್ಣೆ ಹೊರಬೀಳುತ್ತದೆ. "ಇಲ್ಲದೇ ಇರೋ ಸೀಲು ಹೆಂಗೆ ಹೋಗ್ತದೆ ತಾಯಿ?" ಅಂತ ಮೇಸ್ತ್ರಿ ನಕ್ಕರು.

ರಬ್ಬರ್ ಪೈಪನ್ನು ಹಿಸುಕಿ ನೋಡಿದರು. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಮೆತ್ತಗಾಗಿ, ಬಾಗುವ ಜಾಗದಲ್ಲಿ ಮಡಚಿ ಅಂಟಿಕೊಂಡಿತ್ತು. ಆಮೇಲೆ ಕಾರಿನ ಕೆಳಗೆ ಮಲಗಿ ಕಬ್ಬಿಣದ ಪೈಪಿನ ಬಾಯಿಗೆ ತಂತಿ ತೂರಿಸಿದರು. ತಂತಿ ಒಳಗೆ ಹೋಗಲಿಲ್ಲ. ತಿರುವಿ, ಚುಚ್ಚಿ, ಎಳೆದಾಗ ಒಣಗಿದ ಕೆಂಪು ಮಣ್ಣು ಉದುರಿತು. ಅದರ ಜೊತೆಗೇ ಒಣಗಿ ಮುದುಡಿದ ಏಳೆಂಟು ಸಣ್ಣ ಜೇಡಗಳು.

ನನಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. "ಕಣಜ! ಮಣ್ಣಿನ ಗೂಡು ಕಟ್ಟತ್ತಲ್ಲ, ಅದು."

ನಮ್ಮ ಕಡೆ ಕಿಟಕಿ ಮೂಲೆ, ಬೀಗದ ತೂತು, ನಲ್ಲಿಯ ಬಾಯಿ ಯಾವುದನ್ನೂ ಬಿಡದ ಹುಳು ಇದು. ಹಸಿ ಮಣ್ಣು ತಂದು ಗೂಡು ಕಟ್ಟುತ್ತದೆ. ಜೇಡಗಳನ್ನು ಕುಟುಕಿ, ಸಾಯಿಸದೆ ಮರಗಟ್ಟಿಸಿ ಒಳಗೆ ತುಂಬಿ, ಮೊಟ್ಟೆ ಇಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಮರಿ ಹುಟ್ಟಿದ ಮೇಲೆ ತಿನ್ನಲು ಬುತ್ತಿ ಅದು. ಓಡಾಡದೆ ನಿಂತ ಕಾರಿನ ತೆರೆದ ಪೈಪು ಅದಕ್ಕೆ ಹೇಳಿ ಮಾಡಿಸಿದ ಮನೆ.

ಮೇಸ್ತ್ರಿ ಕೆಳಗಿನಿಂದಲೇ ಕೇಳಿದರು: "ಯಜಮಾನ್ರೇ, ಸೋರೋಕೆ ಶುರುವಾದ ಮೇಲೆ ಗಾಡಿ ನಿಲ್ಲಿಸಿದ್ರೋ, ನಿಲ್ಲಿಸಿದ ಮೇಲೆ ಸೋರೋಕೆ ಶುರುವಾಯ್ತೋ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಿಲ್ಲಿಸಿದ ಮೇಲೆ," ಅಂದರು.

"ಅದೇ ಮತ್ತೆ. ನಿಂತ ಗಾಡಿ ಪ್ಯಾಕಿಂಗು ಒಣಗಿ ಕುಗ್ತದೆ. ಪೈಪು ಕಟ್ಟಿತು, ಒತ್ತಡ ಬಂತು, ಸೋರಿತು."

ನಾನು ಅಪ್ಪನ ಮುಖ ನೋಡಿದೆ. ಮನೆಯಲ್ಲಿ ನಾವೆಲ್ಲ ನಂಬಿದ್ದೇ ಬೇರೆ. ಎಣ್ಣೆ ಸೋರುತ್ತದೆ ಅಂತ ಅಪ್ಪ ಕಾರು ಬಿಟ್ಟರು ಅಂತ.

ಮುದ್ದೆ ಊಟ

ಸೈಡ್ ಕವರ್ ಬಿಚ್ಚಬೇಕಾದರೆ ಕಾರ್ಬುರೇಟರ್, ಮ್ಯಾನಿಫೋಲ್ಡ್ ಎರಡೂ ತೆಗೆಯಬೇಕು. "ಮೂರು ಗಂಟೆ ಕೆಲಸ. ಊಟ ಮಾಡ್ಕೊಂಡು ಬನ್ನಿ," ಅಂತ ಮೇಸ್ತ್ರಿ ಕಳಿಸಿದರು. ರಸ್ತೆ ಆಚೆಯ ಮೆಸ್ಸಿನಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಸಾರು. ಅನ್ನ ಬಿಟ್ಟು ಬೇರೆ ಊಟವೇ ಅಲ್ಲ ಅನ್ನುವ ಅಪ್ಪ, ಮುದ್ದೆಯನ್ನು ಅಗಿಯಲು ಹೋಗಿ ಬಡಿಸುವ ಹುಡುಗನಿಂದ ಪಾಠ ಹೇಳಿಸಿಕೊಂಡರು.

"ಯಾಕಪ್ಪ ನಿಲ್ಲಿಸಿದ್ದು?" ಅಂತ ಕೇಳಿದೆ.

ಅಪ್ಪ ಸಾರಿಗೆ ಮುದ್ದೆ ಅದ್ದಿಕೊಳ್ಳುತ್ತಾ ಹೇಳಿದರು. "ಎರಡು ವರ್ಷದ ಹಿಂದೆ ಒಂದಿನ ರಾತ್ರಿ ಶಿವಮೊಗ್ಗದಿಂದ ಬರ್ತಿದ್ದೆ ಪುಟ್ಟಿ. ಎದುರಿಂದ ಬಸ್ಸಿನ ಲೈಟ್ ಬಿತ್ತು. ಕಣ್ಣು ತುಂಬ ಬರೀ ಬೆಳಕು, ರಸ್ತೆನೇ ಕಾಣಲ್ಲ. ಗಾಡಿ ಚರಂಡಿ ಅಂಚಿಗೆ ಹೋಗಿ ನಿಂತಿತ್ತು. ನಿಮ್ಮಮ್ಮ ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದಳು, ಅವಳಿಗೆ ಗೊತ್ತೇ ಇಲ್ಲ. ಅವತ್ತೇ ಕೊನೆ."

"ನಮಗೆ ಯಾಕೆ ಹೇಳಲಿಲ್ಲ?"

"ಎಣ್ಣೆ ಸೋರತ್ತೆ ಅಂದ್ರೆ ಯಾರೂ ಮತ್ತೆ ಕೇಳಲ್ಲ. ಕಣ್ಣು ಕಾಣಲ್ಲ ಅಂದ್ರೆ ನಿನ್ನಣ್ಣ ಮಾರನೇ ದಿನವೇ ಊರು ಬಿಟ್ಟು ಬಂದುಬಿಡಿ ಅಂತಾನೆ."

ಮಂಡಗದ್ದೆಯ ಕೊಂಬೆಯ ಮೇಲಿನ ಮೂರು ಮರಿ ನೆನಪಾಯಿತು. ಅಪ್ಪನಿಗೆ ಅವು ಕಂಡಿರಲೇ ಇಲ್ಲ. ಎರಡು ವರ್ಷ ನಾವು ಹರಿವಾಣ ನೋಡಿದೆವು, ಗ್ರೂಪಿನಲ್ಲಿ ಚರ್ಚೆ ಮಾಡಿದೆವು, ಗುಜರಿ ರೇಟು ಕೇಳಿದೆವು. ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಊಟ ಗಂಟಲಲ್ಲಿ ಇಳಿಯಲಿಲ್ಲ.

ಶೆಡ್ಡಿಗೆ ವಾಪಸ್ ಬಂದಾಗ ಮೇಸ್ತ್ರಿ ಕಾರ್ಕ್ ಶೀಟಿನ ಮೇಲೆ ಹಳೆಯ ಮುಚ್ಚಳ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದರು. ಹಳೇ ಪ್ಯಾಕಿಂಗ್ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆ ಮುಚ್ಚಳಕ್ಕೆ ನಟ್ಟನಡುವೆ ಇರುವುದು ಒಂದೇ ಬೋಲ್ಟು. ಸೋರುತ್ತದೆ ಅಂತ ಯಾರೋ ಅದನ್ನು ಬಿಗಿದೂ ಬಿಗಿದೂ ಮುಚ್ಚಳವೇ ಡೊಂಕಾಗಿತ್ತು. ಮರದ ಹಲಗೆಯ ಮೇಲಿಟ್ಟು ಸಣ್ಣಗೆ ತಟ್ಟಿ ಸರಿ ಮಾಡಿದರು. "ಸೋರೋದಕ್ಕೆ ಬಿಗಿಯೋದೇ ಮದ್ದು ಅಂದ್ಕೊಂಡಿರ್ತಾರೆ ಜನ. ಬಿಗಿದಷ್ಟೂ ಅಂಚು ಮೇಲೇಳ್ತದೆ, ಇನ್ನೂ ಸೋರ್ತದೆ," ಅಂದರು.

ನಾಲ್ಕು ಗಂಟೆಗೆ ಎಲ್ಲ ಜೋಡಿಸಿ ಮತ್ತೆ ಪೌಡರ್ ಹಾಕಿ ಹತ್ತು ನಿಮಿಷ ಓಡಿಸಿದೆವು. ಆಯಿಲ್ ಮುಚ್ಚಳ ತೆಗೆದು ಕೈ ಇಟ್ಟರೆ ಮಗುವಿನ ಉಸಿರಿನಷ್ಟು ಗಾಳಿ. ಸೈಡ್ ಕವರ್ ಒಣಗಿತ್ತು. ಬೆಲ್ ಹೌಸಿಂಗ್ ತಳದಲ್ಲಿ ಒಂದೇ ಒಂದು ಹನಿ ನೇತಾಡುತ್ತಿತ್ತು.

"ಅದು?" ಅಂದೆ.

"ಅದು ಇರ್ತದೆ ತಾಯಿ. ಸುರುಳಿ ಎಂಜಿನ್ ಅಷ್ಟು ಬೆವರಬೇಕು. ಪೂರ್ತಿ ನಿಂತ್ರೆ ಒಳಗೆ ಆಯಿಲ್ ಇಲ್ಲ ಅಂತ ಅರ್ಥ!"

ಕಾರ್ಕ್ ಶೀಟು, ಹೊಸ ರಬ್ಬರ್ ಪೈಪು, ಎರಡು ಲೀಟರ್ ಆಯಿಲ್, ಕೂಲಿ ಎಲ್ಲ ಸೇರಿ 2,350 ರೂಪಾಯಿ. ಎಂಬತ್ತು ಸಾವಿರದ ಮಾತು ಕೇಳಿಬಂದ ಕಿವಿಗೆ ನಂಬಲಾಗಲಿಲ್ಲ. ಜಾಸ್ತಿ ಕೊಡಲು ಹೋದರೆ ತಗೊಳ್ಳಲಿಲ್ಲ. "ವಾಪಸ್ ಊರಿಗೆ ಹೋಗುವಾಗ ಇತ್ಲಾಗೇ ಬನ್ನಿ, ತೋರಿಸ್ಕೊಂಡು ಹೋಗಿ," ಅಂದರು. ವಾಪಸ್ ಹೋಗುವ ಕಾರಲ್ಲ ಇದು ಅಂತ ಅವರಿಗೆ ನಾವು ಹೇಳಿರಲಿಲ್ಲ.

ಬಾಣಾವರ ದಾಟುವ ಮೊದಲೇ ನಾನು ಗುಜರಿಯವರಿಗೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳಿದೆ. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಅರಸೀಕೆರೆ, ತಿಪಟೂರು, ಕೊಬ್ಬರಿ ವಾಸನೆಯ ಸಂಜೆ. ಕತ್ತಲಾದ ಮೇಲೆ ಎದುರಿನಿಂದ ಲಾರಿ ಬಂದಾಗಲೆಲ್ಲ ಅಪ್ಪ ಕೈಯಿಂದ ಕಣ್ಣು ಮರೆ ಮಾಡಿಕೊಳ್ಳುತ್ತಿದ್ದರು. ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದರೋ, ನಾನು ಗಮನಿಸಿದ್ದು ಅವತ್ತು. ರಾತ್ರಿ ಹತ್ತೂವರೆಗೆ ಬೆಂಗಳೂರು ಸೇರಿದೆವು.

ನಿಮ್ಮ ಮನೆಯ ಹಳೇ ಗಾಡಿಯೂ ಸೋರುತ್ತಿದ್ದರೆ

ಊರಲ್ಲಿ ಅಪ್ಪನದೋ ಅಜ್ಜನದೋ ಹಳೆಯ ಕಾರು ನಿಂತಿರುವವರು ನಮ್ಮಲ್ಲಿ ಬೇಕಾದಷ್ಟು ಜನ. ಕಡೂರಿನಲ್ಲಿ ನಾನು ಕಲಿತದ್ದು ಇಷ್ಟು.

ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿ. ಚಕ್ರದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಹನಿ ಎಲ್ಲಿ ಬಿತ್ತು, ಯಾವ ಬಣ್ಣ, ಎಷ್ಟು ಅನ್ನುವುದು ಬೆಳಗ್ಗೆ ತಿಳಿಯುತ್ತದೆ.

ಎಂಜಿನ್ ತಣ್ಣಗಿರುವಾಗ ತೊಳೆದು ಒಣಗಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಕರೆಂಟಿನ ಭಾಗಗಳಿಗೆ ನೀರು, ಸೀಮೆಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ. ಆಮೇಲೆ ಪೌಡರ್ ಉದುರಿಸಿ ಸ್ವಲ್ಪ ದೂರ ಮಾತ್ರ ಓಡಿಸಿ. ದೊಡ್ಡ ಗ್ಯಾರೇಜುಗಳಲ್ಲಿ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ, ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟು ನೋಡುತ್ತಾರೆ. ಕೆಲಸ ಎರಡರದ್ದೂ ಒಂದೇ.

ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿ. ಎರಡು ಮೂರು ಕಡೆ ಒಟ್ಟಿಗೆ ಸೋರುತ್ತಿದ್ದರೆ ಮೊದಲು ಬ್ರೀದರ್ ಪೈಪ್ ನೋಡಿ. ಬ್ರೀದರ್ ಸರಿಯಿದ್ದೂ ಗಾಳಿ ಜೋರಾಗಿ ನೂಕುತ್ತಿದ್ದರೆ ರಿಂಗು, ಬೋರು ಸವೆದಿರಬಹುದು. ಆಗ ಎಂಜಿನ್ ಇಳಿಸುವ ಮಾತು ನಿಜವಾಗಬಹುದು.

ಎಣ್ಣೆ ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತಿದ್ದರೆ, ಕ್ಲಚ್ ಜಾರುತ್ತಿದ್ದರೆ ತಡ ಮಾಡಬೇಡಿ. ಮೊದಲನೆಯದು ಬೆಂಕಿಗೆ ದಾರಿ. ಎರಡನೆಯದು ಎಣ್ಣೆ ಕ್ಲಚ್ಚಿಗೆ ತಾಗಿರುವ ಸೂಚನೆ ಆಗಿರಬಹುದು.

ಮತ್ತೆ, ಗಾಡಿ ಓಡಿಸುತ್ತಿದ್ದವರನ್ನು ಕೇಳಿ. ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನಾಗಿತ್ತು ಅಂತ. ನಾವು ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೆವು.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಆಪರೇಷನ್ ಆಯಿತು. ಅಷ್ಟು ದಿನವೂ ಕಾರು ನನ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿತ್ತು. ಕೆಳಗೆ ಫ್ರಿಡ್ಜಿನ ಬಾಕ್ಸಿನ ರಟ್ಟು ಹಾಸಿದ್ದೆ. ದಿನಾ ಸಂಜೆ ಹನಿ ಎಣಿಸಿ ಅಪ್ಪನಿಗೆ ವರದಿ ಒಪ್ಪಿಸುವುದು ನನ್ನ ಕೆಲಸ.

ಎರಡನೇ ಕಣ್ಣಿನ ಆಪರೇಷನ್ ಆಗಿ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಅಪ್ಪ ತಾವೇ ಲಿಫ್ಟಿನಲ್ಲಿ ಕೆಳಗೆ ಇಳಿದು ಹೋದರು. ನಾನು ಹಿಂದೆಯೇ ಹೋದೆ. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ರಟ್ಟು ನೋಡುತ್ತಿದ್ದರು.

"ನಾಲ್ಕು ಹನಿ ಅಂದಿದ್ದೆ ನೀನು," ಅಂದರು. "ಸರಿಯಾಗಿ ನೋಡು. ಐದಿವೆ."